ಹೊಯ್ಗೆ ಹೊತ್ತದ್ದಕ್ಕೆ ಬೆಲ್ಟು ಸಿಕ್ಕಿದ್ದಲ್ಲ

ಪತ್ರ: "ನನಗೆ 23 ವರ್ಷ. ಮಲ್ಪೆ ಬಂದರಿನಲ್ಲಿ ಮೀನಿನ ಕ್ರೇಟು ಹೊರುವ ಕೆಲಸ. ಫ್ರಾನ್ಸಿಸ್ ಎನ್‌ಗಾನು ಚಿಕ್ಕವನಿರುವಾಗ ಹೊಯ್ಗೆ ಕೋರೆಯಲ್ಲಿ ದುಡಿದೇ ಅಷ್ಟು ಬಲ ಮಾಡಿಕೊಂಡನಂತೆ. ನನ್ನ ತೋಳಲ್ಲೂ ಬಲ ಇದೆ. ನಾನೂ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ಗೆ ಇಳಿಯಬಹುದಾ? ಕೋಚ್ ಬೇಕೇ ಬೇಕಾ?" — ಒಬ್ಬ ಓದುಗ, ಮಲ್ಪೆ

ಖಂಡಿತ ಇಳಿಯಬಹುದು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟದ ಆಟ. ಕೋಚ್ ಮಾತ್ರ ಬೇಕೇ ಬೇಕು. ಯಾಕೆ ಅನ್ನೋದಕ್ಕೆ ಈ ಆಟದಲ್ಲಿ ಚಾಂಪಿಯನ್ ಆಗಿದ್ದ, ನೀವು ಹೇಳಿದ ಎನ್‌ಗಾನುವೇ ಸಾಕ್ಷಿ.

ಅವರು ಹುಟ್ಟಿದ್ದು 1986ರಲ್ಲಿ, ಕ್ಯಾಮರೂನಿನ ಬಾಟಿಯೆ ಎಂಬ ಊರಲ್ಲಿ. ಆರು ವರ್ಷವಾಗಿದ್ದಾಗ ಅಪ್ಪ ಅಮ್ಮ ಬೇರೆಯಾದರು. ಹತ್ತು ಹನ್ನೆರಡರ ಪ್ರಾಯಕ್ಕೇ ಹೊಯ್ಗೆ ಕೋರೆಯಲ್ಲಿ ಸಲಿಕೆ ಹಿಡಿದದ್ದು ನಿಜ. ಶಾಲೆಗೆ ಪುಸ್ತಕ, ಪೆನ್ನಿಗೂ ದುಡ್ಡಿರಲಿಲ್ಲ. ಅಪ್ಪನಿಗೆ ಬೀದಿ ಜಗಳಗಂಟ ಅಂತ ಕೆಟ್ಟ ಹೆಸರು, ಅದೇ ಗುದ್ದಾಟವನ್ನು ಒಳ್ಳೆ ದಾರಿಗೆ ತರಬೇಕು ಅಂತ ಮಗನಿಗೆ ಹಟ. ಬಾಕ್ಸಿಂಗ್ ಶುರು ಮಾಡಿದ್ದು 22ಕ್ಕೆ. ಹಾಗಾಗಿ ತಡವಾಯ್ತು ಎಂಬ ಭಯ ನಿಮಗೆ ಬೇಡ.

2012ರಲ್ಲಿ ಊರು ಬಿಟ್ಟರು. ನೈಜರ್, ಅಲ್ಜೀರಿಯಾ ಮೂಲಕ ಸಹಾರಾ ಮರುಭೂಮಿ ದಾಟಿ ಮೊರಾಕ್ಕೊ ಸೇರಿದರು, ಅಲ್ಲಿ ಕಸದಲ್ಲಿ ಅನ್ನ ಹುಡುಕಿ ತಿಂದರು, ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕಡಲು ದಾಟಲು ಹೋಗಿ ಮತ್ತೆ ಮತ್ತೆ ಸಿಕ್ಕಿಬಿದ್ದರು. ಕಡೆಗೂ ಸ್ಪೇನ್ ಮುಟ್ಟಿದಾಗ ಎರಡು ತಿಂಗಳು ಬಂಧನ. 2013ರಲ್ಲಿ ಪ್ಯಾರಿಸ್‌ಗೆ ಬಂದು ಪಾರ್ಕಿಂಗ್ ಜಾಗದಲ್ಲಿ ಮಲಗಿದರು. ಆಗಲೂ ಅವರು ಹುಡುಕಿದ್ದು ಬಾಕ್ಸಿಂಗ್ ಜಿಮ್ಮನ್ನೇ. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಡೆಗೆ ತಿರುಗಿದ್ದು ಅಲ್ಲಿ, ಕೋಚ್ ಫರ್ನಾಂಡ್ ಲೋಪೆಜ್ ಕೈಗೆ ಸಿಕ್ಕಿದ್ದೂ ಅಲ್ಲಿಯೇ.

ಇಲ್ಲಿವರೆಗಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೀವು ಗಮನಿಸಬೇಕಾದ್ದು ಮುಂದಿನದ್ದು.

2017ರ ಡಿಸೆಂಬರಿನಲ್ಲಿ ಎನ್‌ಗಾನು ಕೆಳಗಿಂದ ಮೇಲಕ್ಕೆ ಬೀಸಿದ ಒಂದೇ ಎಡಗೈ ಗುದ್ದಿಗೆ (ಅಪ್ಪರ್‌ಕಟ್) ಎದುರಾಳಿ ಆಲಿಸ್ಟರ್ ಓವರೀಮ್ ನೆಲಕ್ಕೆ ಬಿದ್ದರು. ಇನ್ನು ಇವರನ್ನು ಹಿಡಿಯುವವರೇ ಇಲ್ಲ ಅಂತ ಆಯ್ತು. ಮುಂದಿನ ತಿಂಗಳೇ ಬಾಸ್ಟನ್‌ನಲ್ಲಿ ಯುಎಫ್‌ಸಿ ಅಂದರೆ ಈ ಆಟದ ದೊಡ್ಡ ಪಂದ್ಯಗಳನ್ನು ನಡೆಸುವ ಅಮೆರಿಕದ ಸಂಸ್ಥೆ, ಅದರ ಹೆವಿವೇಯ್ಟ್ ಚಾಂಪಿಯನ್ ಬೆಲ್ಟಿಗಾಗಿ ಸ್ಟೀಪೆ ಮಿಯೋಚಿಚ್ ಎದುರು ನಿಂತರು. ಮೊದಲ ರೌಂಡಲ್ಲೇ ಇದ್ದ ಬಲವನ್ನೆಲ್ಲ ಸುರಿದರು, ಆಮೇಲೆ ಉಸಿರೇ ಇಲ್ಲ. ಮಿಯೋಚಿಚ್ ಕುಸ್ತಿ ಬಲ್ಲವರು. ಹಿಡಿದು ಕೆಡವಿದರು, ಮೇಲೆ ಭಾರ ಹಾಕಿ ಒತ್ತಿದರು, ಎದ್ದರೆ ಮತ್ತೆ ಕೆಡವಿದರು. ಐದು ರೌಂಡು ಮುಗಿಯುವವರೆಗೂ ಹೀಗೇ, ಎನ್‌ಗಾನು ಸೋತರು. ಆ ಜುಲೈಯಲ್ಲಿ ಡೆರಿಕ್ ಲೂಯಿಸ್ ವಿರುದ್ಧ ಕೈ ಎತ್ತಲೂ ಹಿಂಜರಿದು ಸೋತರು, ಜನ ಕೂಗಿ ಛೀಮಾರಿ ಹಾಕಿದರು. ಕೋರೆಯ ಬಲ ಎಲ್ಲೂ ಹೋಗಿರಲಿಲ್ಲ ಅಲ್ವಾ? ಪಟ್ಟು ಗೊತ್ತಿರಲಿಲ್ಲ ಅಷ್ಟೆ.

ಕಲಿತರು. 2021ರ ಮಾರ್ಚಿನಲ್ಲಿ ಅದೇ ಮಿಯೋಚಿಚ್ ಕೆಡವಲು ಬಂದಾಗ ಕಾಲು ಹಿಂದಕ್ಕೆ ಎಳೆದು ತಡೆದರು, ಎರಡನೇ ರೌಂಡಿನಲ್ಲಿ ಹೊಡೆದು ಬೆಲ್ಟು ತೆಗೆದುಕೊಂಡರು. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು 2022ರ ಜನವರಿಯ ಪಂದ್ಯ. ಮೊಣಕಾಲಿಗೆ ಪೆಟ್ಟಾಗಿತ್ತು. ಎದುರಾಳಿ ಸಿರಿಲ್ ಗಾನ್ ಚುರುಕಾಗಿ ಓಡಾಡುತ್ತಾ ಮೊದಲೆರಡು ರೌಂಡು ಗೆದ್ದಾಗಿತ್ತು. ಮೂರನೆಯದರಲ್ಲಿ ಎನ್‌ಗಾನು ಗುದ್ದೋದು ಬಿಟ್ಟು ಗಾನ್ ಅವರನ್ನೇ ಎತ್ತಿ ಕೆಡವಿದರು. ಪಾಯಿಂಟ್ ಮೇಲೆ ಗೆದ್ದರು. ನಾಲ್ಕು ವರ್ಷದ ಹಿಂದೆ ತನ್ನನ್ನು ಸೋಲಿಸಿದ್ದ ವಿದ್ಯೆಯನ್ನೇ ಕಲಿತು ಗೆದ್ದ ಪಂದ್ಯ ಅದು. ಪುರುಸೊತ್ತಾದಾಗ ಪೂರ್ತಿ ನೋಡಿ, ನಾಕೌಟ್ ತುಣುಕುಗಳು ಸಾಲದು.

ಮುಂದೆ ಕರಾರು ಸರಿಹೋಗದೆ 2023ರಲ್ಲಿ ಯುಎಫ್‌ಸಿ ಬಿಟ್ಟರು. ಬಾಕ್ಸಿಂಗಿನಲ್ಲಿ ಹೆವಿವೇಯ್ಟ್ ಚಾಂಪಿಯನ್ ಟೈಸನ್ ಫ್ಯೂರಿಯನ್ನು ಮೂರನೇ ರೌಂಡಲ್ಲಿ ಬೀಳಿಸಿದರೂ ಕೂದಲೆಳೆಯಲ್ಲಿ ಸೋತರು. 2024ರಲ್ಲಿ 15 ತಿಂಗಳ ಮಗ ತೀರಿಕೊಂಡ. ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಪಂಜರಕ್ಕಿಳಿದು ಮೊದಲ ರೌಂಡಲ್ಲೇ ಗೆದ್ದು ಮಗನಿಗೆ ಅರ್ಪಿಸಿದರು. ಇದರ ಬಗ್ಗೆ ಜಾಸ್ತಿ ಬರೆಯಲು ನಮಗೆ ಮನಸ್ಸು ಬರುತ್ತಿಲ್ಲ.

ಈಗ ನಿಮ್ಮ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗಿಳಿಯುವುದಿಲ್ಲ, ಬಂದರಲ್ಲಿ ಹೊರೆ ಕಡಿಮೆ. ಆ 61 ದಿನವನ್ನು ಕಲಿಯೋದಕ್ಕೆ ಇಡಿ. ಉಡುಪಿಯ ಅಜ್ಜರಕಾಡು ಕ್ರೀಡಾಂಗಣಕ್ಕೆ ಹೋಗಿ ಕುಸ್ತಿ, ಜೂಡೋ ಕಲಿಸುವವರು ಹತ್ತಿರದಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ. ಮೊಬೈಲ್ ನೋಡಿಕೊಂಡು ಗೆಳೆಯರ ಜೊತೆ ಸುಮ್ನೆ ಗುದ್ದಾಡಬೇಡಿ, ತಲೆಗೆ ಬೀಳುವ ಪೆಟ್ಟು ಸಣ್ಣದಲ್ಲ. ಮೊದಲು ಬೀಳೋದು, ಬಿದ್ದಲ್ಲಿಂದ ಏಳೋದು, ಮೈಮೇಲೆ ಒಬ್ಬ ಕೂತಿದ್ದಾಗ ಉಸಿರು ಉಳಿಸಿಕೊಳ್ಳೋದು, ಇದನ್ನು ಕಲಿಸಿ ಅಂತ ಕೇಳಿ. ಕ್ರೇಟು ಹೊತ್ತ ಮೈ ನಿಮ್ಮದು, ಸೇರುವ ಮೊದಲು ಬೆನ್ನು, ಮೊಣಕಾಲು ಎರಡನ್ನೂ ಡಾಕ್ಟರಿಗೆ ತೋರಿಸಿಕೊಳ್ಳಿ.