ಲೋಟದ ಚಿತ್ರ ಬರೆಯಲು ಹೋದರೆ ಸೊಟ್ಟಗಾಗುವುದೇಕೆ?

ಅದು ಕೈಯದಕ್ಕಿಂತ ಹೆಚ್ಚಾಗಿ ತಲೆಯ ತಪ್ಪು. ಲೋಟದ ಬಾಯಿ ದುಂಡಗಿದೆ ಎಂದು ನಮಗೆ ಗೊತ್ತು. ಆದರೆ ಓರೆಯಾಗಿ ನೋಡುವಾಗ ಕಣ್ಣಿಗೆ ಕಾಣುವುದು ದೀರ್ಘವೃತ್ತ, ಅಂದರೆ ಅದುಮಿದಂತಿರುವ ವೃತ್ತ. ಗೊತ್ತಿರುವುದು ಕಂಡದ್ದನ್ನು ತಳ್ಳಿಹಾಕುತ್ತದೆ. ಹಾಗಾಗಿ ಬಾಯಿಯನ್ನು ಬೇಕಾದ್ದಕ್ಕಿಂತ ದುಂಡಗೆ ಬರೆಯುತ್ತೇವೆ. ತಳ ಮೇಜಿನ ಮೇಲೆ ಸಮನಾಗಿ ಕೂತಿದೆಯಲ್ಲ ಎಂದು ಅಲ್ಲಿ ನೇರ ಗೆರೆ ಎಳೆದುಬಿಡುತ್ತೇವೆ. ಆಗಬೇಕಾದದ್ದು ಇದಕ್ಕೆ ತದ್ವಿರುದ್ಧ. ತಳವು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಅದನ್ನು ಹೆಚ್ಚು ಮೇಲಿನಿಂದ ನೋಡುತ್ತಿರುತ್ತೇವೆ, ಆದ್ದರಿಂದ ಅದರ ಬಾಗು ಬಾಯಿಯದಕ್ಕಿಂತ ಹೆಚ್ಚಿರಬೇಕು. ನಂಬಿಕೆ ಬಾರದಿದ್ದರೆ ಖಾಲಿ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನಿಧಾನವಾಗಿ ಇಳಿಸಿ: ಮೊದಲು ಬರೀ ಗೆರೆಯಾಗಿದ್ದ ಬಾಯಿ ಅರಳುತ್ತಾ ಹೋಗುತ್ತದೆ.

ಕೈಯದೂ ಒಂದು ಪಾಲಿದೆ, ಒಪ್ಪೋಣ. ಮಣಿಕಟ್ಟು ಊರಿ ಬರೆದರೆ ಅದು ಸಣ್ಣ ಕಮಾನನ್ನಷ್ಟೇ ಎಳೆಯಬಲ್ಲದು. ಮೇಲಿನದೊಂದು, ಕೆಳಗಿನದೊಂದು ಕಮಾನು ಸೇರುವಲ್ಲಿ ತುದಿಗಳು ಬಾದಾಮಿಯಂತೆ ಚೂಪಾಗುತ್ತವೆ. ದೀರ್ಘವೃತ್ತಕ್ಕೆ ಮೂಲೆಯೇ ಇಲ್ಲ. ಭುಜದಿಂದ ತೋಳನ್ನಾಡಿಸಿ, ಪೆನ್ಸಿಲನ್ನು ಕಾಗದಕ್ಕೆ ತಾಗಿಸದೆ ಎರಡು ಮೂರು ಸುತ್ತು ತಿರುಗಿಸಿ, ಅದೇ ವೇಗದಲ್ಲಿ ಇಳಿಸಿಬಿಡಿ.