ಯೂರಿಯಾ ಜಾಸ್ತಿ ಹಾಕಿದರೂ ಇಳುವರಿ ಇಳಿಯುತ್ತಿದೆ, ಯಾಕೆ?

ಪ್ರಶ್ನೆ: ಐದು ವರ್ಷದಿಂದ ಒಂದೇ ಹೊಲದಲ್ಲಿ ಮಳೆಗಾಲಕ್ಕೆ ಮೆಕ್ಕೆಜೋಳ, ಚಳಿಗಾಲಕ್ಕೆ ಗೋಧಿ ಬೆಳೆಯುತ್ತಿದ್ದೇನೆ. ನೀರಿಗೆ ತೊಂದರೆಯಿಲ್ಲ. ಎರಡೂ ಬೆಳೆಗೆ ಬಿತ್ತುವಾಗ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಕೊಟ್ಟು, 20 ದಿನಕ್ಕೆ ಯೂರಿಯಾವನ್ನೆಲ್ಲ ಒಂದೇ ಸಲ ಹಾಕುತ್ತೇನೆ. ದಂಟು, ಹುಲ್ಲು ಎಲ್ಲ ದನಗಳ ಮೇವಿಗೆ ಹೋಗುತ್ತದೆ. ಮೊದಲೆರಡು ವರ್ಷ ಬೆಳೆ ಚೆನ್ನಾಗಿತ್ತು. ಈಗ ಯೂರಿಯಾ ಹೆಚ್ಚಿಸಿದರೂ ತೆನೆಯ ತುದಿಯಲ್ಲಿ ಕಾಳು ಕಟ್ಟುವುದಿಲ್ಲ. ಮೆಕ್ಕೆಜೋಳದ ಕೆಳಗಿನ ಎಲೆಗಳ ಅಂಚು ಸುಟ್ಟ ಹಾಗೆ ಒಣಗುತ್ತದೆ. ಏನು ಮಾಡಲಿ?

ಉತ್ತರ: ಎಲೆಯ ಅಂಚು ಒಣಗುತ್ತದೆ ಅಂತ ಬರೆದದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅಲ್ಲೇ ಇದೆ. ಕೆಳಗಿನ ಎಲೆಯೊಂದನ್ನು ಕಿತ್ತು ಅಂಗೈ ಮೇಲೆ ಹರಡಿ ನೋಡಿ. ಹಳದಿ ಬಣ್ಣ ತುದಿಯಿಂದ ನಡುದಿಂಡಿನ ಗುಂಟ ಒಳಗೆ ಇಳಿದಿದ್ದರೆ ಅದು ಸಾರಜನಕದ ಕೊರತೆ. ನಡುಭಾಗ ಹಸಿರಾಗೇ ಇದ್ದು, ತುದಿಯಿಂದ ಎರಡೂ ಅಂಚಿನ ಗುಂಟ ಕಂದಾಗಿ ಒಣಗಿದ್ದರೆ ಅದು ಪೊಟ್ಯಾಷ್ ಕೊರತೆ. ನಿಮ್ಮದು ಎರಡನೆಯದು ಅಂತ ಕಾಣುತ್ತದೆ. ಯೂರಿಯಾ ಕೊಡುವುದು ಸಾರಜನಕ ಮಾತ್ರ, ಅದನ್ನು ಎಷ್ಟು ಸುರಿದರೂ ಇದಕ್ಕೆ ಪ್ರಯೋಜನವಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಟನ್ ಕಾಳು ಬರಬೇಕಾದರೆ ಇಡೀ ಬೆಳೆ ಸುಮಾರು 20ರಿಂದ 25 ಕಿಲೋ ಸಾರಜನಕ ಹೀರುತ್ತದೆ. ಪೊಟ್ಯಾಷ್ ಕೂಡ ಹೆಚ್ಚುಕಡಿಮೆ ಅಷ್ಟೇ ಬೇಕು. ಹೆಕ್ಟೇರಿಗೆ 6 ಟನ್ ಮೆಕ್ಕೆಜೋಳ, 4 ಟನ್ ಗೋಧಿ ತೆಗೆದರೆ ವರ್ಷಕ್ಕೆ 200 ಕಿಲೋ ಪೊಟ್ಯಾಷ್ ಮಣ್ಣಿನಿಂದ ಮೇಲೆ ಬಂತು ಅಂತಾಯಿತು. ಅದರಲ್ಲಿ ಕಾಳಿಗೆ ಹೋಗುವುದು ಸ್ವಲ್ಪ, ಹೆಚ್ಚಿನ ಪಾಲು ದಂಟು ಮತ್ತು ಹುಲ್ಲಿನಲ್ಲೇ ಉಳಿಯುತ್ತದೆ. ನೀವು ಅದನ್ನೂ ಹೊಲದಿಂದ ಹೊರಗೆ ಸಾಗಿಸಿದ್ದೀರಿ. ಡಿಎಪಿಯಲ್ಲಿ ಪೊಟ್ಯಾಷ್ ಇಲ್ಲ, ಯೂರಿಯಾದಲ್ಲೂ ಇಲ್ಲ. ಐದು ವರ್ಷ ಹಿಂದಕ್ಕೇನೂ ಕೊಡದೆ ತೆಗೆಯುತ್ತಲೇ ಬಂದಿದ್ದೀರಿ, ಅಲ್ವಾ? ಮೊದಲೆರಡು ವರ್ಷದ ಬೆಳೆ ಮಣ್ಣಿನ ಹಳೆಯ ಗಂಟಿನ ಮೇಲೆ ಬಂದದ್ದು.

ದನಗಳಿಗೆ ಮೇವು ಹಾಕುವುದು ತಪ್ಪಲ್ಲ. ಆದರೆ ಕೊಟ್ಟಿಗೆ ಗೊಬ್ಬರ ಅದೇ ಹೊಲಕ್ಕೆ ವಾಪಸ್ ಬರುತ್ತಿದೆಯಾ? ಗಂಜಲ ಎಲ್ಲಿಗೆ ಹೋಗುತ್ತಿದೆ? ದನ ತಿಂದ ಪೊಟ್ಯಾಷ್‌ನಲ್ಲಿ ಹೆಚ್ಚಿನದು ಸಗಣಿಯಲ್ಲಲ್ಲ, ಗಂಜಲದಲ್ಲಿ ಹೊರಬರುತ್ತದೆ. ಎಷ್ಟೋ ಕಡೆ ಅದು ಸುಮ್ನೆ ಮೋರಿಗೆ ಹರಿದು ಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ದನಗಳ ಕೆಳಗೆ ದಂಟಿನ ಚೂರು, ಹೊಟ್ಟು ಹರಡಿ. ಅದು ಗಂಜಲ ಹೀರಿಕೊಂಡ ಮೇಲೆ ತಿಪ್ಪೆಗೆ ಹಾಕಿ, ಮಳೆ ಬಿದ್ದು ತೊಳೆದು ಹೋಗದ ಹಾಗೆ ಮುಚ್ಚಿಡಿ. ಇನ್ನೂ ಕಡಿಮೆ ಬೀಳುವ ಪಾಲನ್ನು ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದ ರೂಪದಲ್ಲಿ ಬಿತ್ತುವಾಗಲೇ ಕೊಡಿ. ಅದರಲ್ಲಿ ನೂರಕ್ಕೆ 60 ಭಾಗ ಪೊಟ್ಯಾಷ್ ಇರುತ್ತದೆ. ಎಷ್ಟು ಹಾಕಬೇಕು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ. ಗೋಧಿ ಕೊಯ್ದ ಮೇಲೆ, ಗೊಬ್ಬರ ಹಾಕುವ ಮೊದಲು, ಹತ್ತು-ಹದಿನೈದು ಕಡೆಯಿಂದ 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು ಕಲಸಿ ಕಳಿಸಿ.

ಇನ್ನು ಯೂರಿಯಾ ವಿಷಯ. 20 ದಿನದ ಮೆಕ್ಕೆಜೋಳದ ಹಸಿವು ತುಂಬಾ ಕಡಿಮೆ. ಮೊಣಕಾಲುದ್ದ ಬೆಳೆದ ಮೇಲೆ ಅದು ದಿಢೀರನೆ ಏರುತ್ತದೆ, ತೆನೆ ರೇಷ್ಮೆ ಎಳೆ ಬಿಡುವ ತನಕ ಇಳಿಯುವುದಿಲ್ಲ. ನೀವು ಅಷ್ಟೂ ಯೂರಿಯಾವನ್ನು ಮೊದಲೇ ಹಾಕಿದಿರಿ. ಆಮೇಲೆ ಒಂದು ಜೋರು ಮಳೆ ಬಂದರೆ ಅದು ಬೇರಿಗೆ ಸಿಗದ ಆಳಕ್ಕೆ ಇಳಿದುಹೋಗುತ್ತದೆ. ನೀರು ನಿಂತರೆ ಅನಿಲವಾಗಿ ಗಾಳಿಗೂ ಹೋಗುತ್ತದೆ. ತೆನೆ ಕಟ್ಟುವ ಹೊತ್ತಿಗೆ ಗಿಡಕ್ಕೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಮೂರು ಪಾಲು ಮಾಡಿ: ಒಂದು ಬಿತ್ತುವಾಗ, ಒಂದು ಮೊಣಕಾಲುದ್ದಕ್ಕೆ, ಮತ್ತೊಂದು ಸೂಲಂಗಿ (ಗಿಡದ ತುದಿಯ ಗಂಡು ಹೂ) ಹೊರಬರುವ ಸ್ವಲ್ಪ ಮೊದಲು. ಬಿತ್ತುವಾಗಿನ ಪಾಲಿನಲ್ಲಿ ಡಿಎಪಿಯಲ್ಲಿ ನೂರಕ್ಕೆ 18 ಭಾಗ ಇರುವ ಸಾರಜನಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇಲುಗೊಬ್ಬರ ಸುಳಿಗೆ ಬೀಳಬಾರದು. ಸಾಲಿನ ಪಕ್ಕದಲ್ಲಿ ಹಾಕಿ, ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. ಮೇಲೆ ಹಾಗೇ ಬಿಟ್ಟರೆ ಬಿಸಿಲಿಗೆ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಗೋಧಿಯ ಲೆಕ್ಕ ಬೇರೆ. 20-25 ದಿನಕ್ಕೆ ಮುಕುಟ ಬೇರು (ಕಾಂಡದ ಬುಡದಿಂದ ಹೊರಡುವ ಬೇರು) ಮೂಡುತ್ತದೆ, ತೆಂಡೆ (ಬುಡದ ಮರಿ ಕವಲು) ಒಡೆಯಲು ಶುರುವಾಗುತ್ತದೆ. ಮೊದಲ ನೀರಿನ ಜೊತೆಗಿನ ಯೂರಿಯಾ ಇಲ್ಲಿ ತಪ್ಪಲೇಬಾರದು. ಆದರೆ ಅದಕ್ಕೂ ಎಲ್ಲವನ್ನೂ ಒಮ್ಮೆಗೇ ಕೊಡಬೇಡಿ. ಒಂದು ಪಾಲನ್ನು ಕಾಂಡ ಗಣ್ಣು ಬಿಡುವ ಹೊತ್ತಿಗೆ ಇಟ್ಟುಕೊಳ್ಳಿ.

ಡಿಎಪಿಯನ್ನು ವರ್ಷಕ್ಕೆ ಎರಡು ಸಲ ಹಾಕುತ್ತಿದ್ದೀರಿ. ರಂಜಕ ಮಣ್ಣಿನಲ್ಲಿ ಹೆಚ್ಚು ಓಡಾಡುವುದಿಲ್ಲ. ಮೊದಲ ಬೆಳೆ ಬಳಸುವುದು ಸ್ವಲ್ಪ, ಉಳಿದದ್ದರಲ್ಲಿ ಒಂದಿಷ್ಟು ಮುಂದಿನ ಬೆಳೆಗೆ ಸಿಗುತ್ತದೆ. ಪರೀಕ್ಷೆಯಲ್ಲಿ ರಂಜಕ ಜಾಸ್ತಿ ಇದೆ ಅಂತ ಬಂದರೆ ಮೆಕ್ಕೆಜೋಳಕ್ಕೆ ಕಡಿಮೆ ಮಾಡಿ, ಗೋಧಿಗೆ ಮಾಡಬೇಡಿ. ತಂಪು ಮಣ್ಣಿನಲ್ಲಿ ಎಳೆಯ ಬೇರಿಗೆ ರಂಜಕ ಸಿಗುವುದು ಕಷ್ಟ.

ರಂಜಕ ತುಂಬಿದ ಮಣ್ಣಿನಲ್ಲಿ ಸತುವಿನ ಕೊರತೆಯೂ ಕಾಣಿಸುತ್ತದೆ. ಈ ಸಲ ಮೆಕ್ಕೆಜೋಳದ ಎಳೆಯ ಎಲೆಗಳನ್ನೂ ಗಮನಿಸಿ. ಬುಡದ ಕಡೆ ನಡುದಿಂಡಿನ ಎರಡೂ ಬದಿಗೆ ಬಿಳಿಚಿದ ಪಟ್ಟೆ ಇದ್ದರೆ ಹೆಕ್ಟೇರಿಗೆ 25 ಕಿಲೋ ಜಿಂಕ್ ಸಲ್ಫೇಟ್ ಮಣ್ಣಿಗೆ ಸೇರಿಸಿ. ಡಿಎಪಿ ಜೊತೆ ಮಾತ್ರ ಬೆರೆಸಬೇಡಿ, ಎರಡೂ ಗಟ್ಟಿಯಾಗಿ ಗಿಡಕ್ಕೆ ಸಿಗದ ಹಾಗೆ ಆಗುತ್ತವೆ.

ಇಷ್ಟೆಲ್ಲ ಮಾಡುವಾಗ ನಾಲ್ಕು ಸಾಲಿಗೆ ಪೊಟ್ಯಾಷ್ ಹಾಕದೆ ಬಿಡಿ, ಉಳಿದದ್ದೆಲ್ಲ ಒಂದೇ ತರ ಇರಲಿ. ಆ ನಾಲ್ಕು ಸಾಲಿನ ಕಾಳನ್ನೂ ಪಕ್ಕದ ನಾಲ್ಕು ಸಾಲಿನ ಕಾಳನ್ನೂ ಬೇರೆ ಬೇರೆ ತೂಗಿ. ಆ ತೂಕವನ್ನೂ ಮಣ್ಣು ಪರೀಕ್ಷೆಯ ಚೀಟಿಯನ್ನೂ ಬರೆದು ಕಳಿಸಿ, ಗೋಧಿಗೆ ಎಷ್ಟು ಹಾಕಬೇಕು ಅಂತ ಆಗ ಸರಿಯಾಗಿ ಹೇಳಬಹುದು.