ಪಿಆರ್‌ಪಿ ಇಂಜೆಕ್ಷನ್ ಡೋಪಿಂಗ್ ಆಗುತ್ತದೆಯೇ?

ಅಥ್ಲೀಟ್ ಆಗಿರುವ ನಿಮ್ಮ ತಮ್ಮನ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿದಿದೆ, ಡಾಕ್ಟರು ಪಿಆರ್‌ಪಿ (ಅವನದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ ಪ್ಲಾಸ್ಮಾ) ಹೇಳಿದ್ದಾರೆ. ಅದು ಡೋಪಿಂಗ್ ಆಗುತ್ತದೆಯೇ, ದುಡ್ಡಿದ್ದವರು ಬೇಗ ಮೈದಾನಕ್ಕಿಳಿಯುವುದು ನ್ಯಾಯವೇ ಎಂದು ಕೇಳಿದ್ದೀರಿ.

ಡೋಪಿಂಗ್ ಅಲ್ಲ. ಸ್ನಾಯುವಿಗೆ ಚುಚ್ಚುವ ಪಿಆರ್‌ಪಿಯನ್ನು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) 2010ರಲ್ಲಿ ನಿಷೇಧಿಸಿ, 2011ರಲ್ಲಿ ಪಟ್ಟಿಯಿಂದ ಕೈಬಿಟ್ಟಿತು. ಗಾಯ ಮಾಗಿಸುವುದಕ್ಕಿಂತ ಹೆಚ್ಚಾಗಿ ಆಟದ ಕಸುವು ಹೆಚ್ಚಿಸುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ಮಾಡುವುದು ಇಷ್ಟು: ತೋಳಿನಿಂದ 15ರಿಂದ 60 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಕೆಂಪುಕಣ ತಳಕ್ಕಿಳಿಯುತ್ತದೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗದಿಂದ 3–6 ಮಿ.ಲೀ. ಎಳೆದು, ಅಲ್ಟ್ರಾಸೌಂಡ್ ನೋಡಿಕೊಂಡು ಹರಿದ ಜಾಗಕ್ಕೇ ಚುಚ್ಚುತ್ತಾರೆ. ಎಡವಟ್ಟಾಗುವುದು ಮನೆಗೆ ಬಂದ ಮೇಲೆ. ಎರಡು ಮೂರು ದಿನ ನೋವು ಜಾಸ್ತಿಯಾಗುತ್ತದೆ, ಹುಡುಗ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿಬಿಡುತ್ತಾನೆ. ಆ ಮಾತ್ರೆ ಪ್ಲೇಟ್‌ಲೆಟ್‌ಗಳ ಕೆಲಸಕ್ಕೇ ಅಡ್ಡಗಾಲು. ಸಾಮಾನ್ಯವಾಗಿ ಇಂಜೆಕ್ಷನ್ನಿಗೆ ಮುಂಚೆ ಒಂದು ವಾರ, ಆಮೇಲೆ ಎರಡು ವಾರ ಅದನ್ನು ಬಿಡಿಸುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್ ಕೊಡುತ್ತಾರೆ.

ನೀವು ಹೆದರಬೇಕಾದದ್ದು ಸಿರಿಂಜಿನಲ್ಲಿ ಇನ್ನೇನು ಸೇರಿದೆ ಎಂಬುದಕ್ಕೆ. 2022ರಿಂದ ಸ್ಪರ್ಧೆಯ ಅವಧಿಯಲ್ಲಿ ಗ್ಲುಕೋಕಾರ್ಟಿಕಾಯ್ಡ್ ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಮದ್ದು) ಚುಚ್ಚುಮದ್ದು ಎಲ್ಲಿಗೆ ಕೊಟ್ಟರೂ ನಿಷಿದ್ಧ. ಇಂಥದ್ದೇ ಒಂದು ಸ್ಟೀರಾಯ್ಡ್ ಆದ ಟ್ರಯಾಮ್ಸಿನೊಲೋನ್ ಅಸಿಟೊನೈಡ್ ಅನ್ನು ಕೀಲಿಗೆ ಕೊಟ್ಟರೆ ಚುಚ್ಚಿದ ದಿನಕ್ಕೂ ಸ್ಪರ್ಧೆಯ ಅವಧಿಗೂ ನಡುವೆ ವಾಡಾ ಹೇಳುವ ಅಂತರ 10 ದಿನ, ಸ್ನಾಯುವಿಗೆ ಕೊಟ್ಟರೆ 60 ದಿನ! ಟಿಬಿ-500, ಬಿಪಿಸಿ-157, ಐಜಿಎಫ್-1ನಂಥ ಪೆಪ್ಟೈಡ್ (ಪ್ರೋಟೀನಿನಂಥ) ಮದ್ದುಗಳಂತೂ ಯಾವಾಗಲೂ ನಿಷಿದ್ಧ, "ಗಾಯಕ್ಕೆ" ಎಂದು ಕೊಟ್ಟರೂ ಅಷ್ಟೇ. ಔಷಧಿಯ ಹೆಸರು, ಪ್ರಮಾಣ, ಚುಚ್ಚಿದ ಜಾಗ, ದಿನಾಂಕ ಬರೆದ ಚೀಟಿ ಇಲ್ಲದೆ ಕ್ಲಿನಿಕ್ಕಿನಿಂದ ಹೊರಡಬೇಡಿ.

ನ್ಯಾಯದ ಮಾತಿಗೆ ಬಂದರೆ, ಪಿಆರ್‌ಪಿಯಿಂದ ಶ್ರೀಮಂತರಿಗೆ ಸಿಗುವ ಮುನ್ನಡೆ ಜನ ಅಂದುಕೊಂಡಷ್ಟಿಲ್ಲ. 2014ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯದ 80 ಆಟಗಾರರಲ್ಲಿ ಕೆಲವರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಸಲೈನ್ ಕೊಟ್ಟರು. ಎರಡೂ ಗುಂಪಿನಲ್ಲಿ ಆಟಕ್ಕೆ ಮರಳಲು ಹಿಡಿದ ಸಮಯದ ಮಧ್ಯಾಂಕ 42 ದಿನ. ನನ್ನ ಲೆಕ್ಕದಲ್ಲಿ ನಿಜವಾದ ಅಂತರ ಇರುವುದು ದಿನಾ ಪಕ್ಕದಲ್ಲಿ ನಿಂತು ವ್ಯಾಯಾಮ ಮಾಡಿಸುವ ಫಿಸಿಯೊ ಯಾರಿಗಿದ್ದಾರೆ ಎಂಬಲ್ಲಿ. ದುಡ್ಡು ಒಂದಕ್ಕೇ ಸಾಲುವಂತಿದ್ದರೆ ಇಂಜೆಕ್ಷನ್ ಬಿಡಿ, ಆರು ವಾರದ ಫಿಸಿಯೊಥೆರಪಿ ಮಾಡಿಸಿ.